ತೆರೆಯಲ್ಲಿ ಕೇಳಿದ್ದು, ತಟ್ಟೆಯಲ್ಲಿ ಸಿಗದದ್ದು: ಹಳೆಯ ಹಾಲಿವುಡ್ ಹಿನ್ನೆಲೆ ಸಂಗೀತದ ಒಂದು ಸಮೀಕ್ಷೆ

1960ರಲ್ಲಿ ತೆರೆಕಂಡ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಚಿತ್ರಕ್ಕೆ ಎಲ್ಮರ್ ಬರ್ನ್‌ಸ್ಟೀನ್ ಕೊಟ್ಟ ಸಂಗೀತವನ್ನು ಆ ಚಿತ್ರ ನೋಡದವರೂ ಎಲ್ಲೋ ಒಮ್ಮೆ ಕೇಳಿರುತ್ತಾರೆ. ಮಾರ್ಲ್‌ಬೊರೊ ಸಿಗರೇಟಿನ ಟಿವಿ ಜಾಹೀರಾತು ಅದನ್ನು ಅಮೆರಿಕದ ಮನೆಮನೆಗೂ ಮುಟ್ಟಿಸಿತ್ತು. ಇಷ್ಟು ಹೆಸರಾದ ಸಂಗೀತದ ಧ್ವನಿಮುದ್ರಿಕೆ ಚಿತ್ರದ ಜೊತೆಗೆ ಬರಲೇ ಇಲ್ಲ. 1966ರಲ್ಲಿ ಚಿತ್ರದ ಮುಂದಿನ ಭಾಗ ಬಂದಾಗ ಅದರ ಹೆಸರಿನಲ್ಲಿ ಒಂದು ಎಲ್‌ಪಿ ಹೊರಟಿತು. ಮೂಲ ಚಿತ್ರಕ್ಕೆಂದು ವಾದ್ಯವೃಂದ ನುಡಿಸಿದ್ದು ಸಿಡಿಯಾಗಿ ಜನರ ಕೈಗೆ ಸಿಕ್ಕಿದ್ದು 1998ರಲ್ಲಿ, ಅಂದರೆ 38 ವರ್ಷ ಕಳೆದ ಮೇಲೆ.

ಹಳೆಯ ಹಾಲಿವುಡ್ಡಿನಲ್ಲಿ ಇದು ಅಪರೂಪದ ಕಥೆಯಲ್ಲ. 1930ರ ದಶಕದಿಂದ 1950ರ ದಶಕದ ಕೊನೆಯವರೆಗೂ ದೊಡ್ಡ ಸ್ಟುಡಿಯೊಗಳು ಸಂಬಳ ಕೊಟ್ಟು ತಮ್ಮದೇ ವಾದ್ಯವೃಂದಗಳನ್ನು ಸಾಕಿದ್ದವು. ಇವತ್ತು ಒಂದು ಚಿತ್ರ, ನಾಳೆ ಇನ್ನೊಂದು. ನುಡಿಸಿದರು, ಚಿತ್ರಕ್ಕೆ ಸೇರಿಸಿದರು, ಅಲ್ಲಿಗೆ ಮುಗಿಯಿತು. ಆ ಸಂಗೀತಕ್ಕೆ ಚಿತ್ರಮಂದಿರದ ಹೊರಗೂ ಒಂದು ಬಾಳು ಇರಬಹುದೆಂದು ಸ್ಟುಡಿಯೊ ಧಣಿಗಳಿಗೆ ಹೊಳೆಯಲಿಲ್ಲ. ಹೊಳೆದದ್ದು ಕೇಳುಗರಿಗೆ. ಐವತ್ತು ವರ್ಷಗಳಿಂದ ಸಣ್ಣದಾದರೂ ಹಟಮಾರಿಯಾದ ಒಂದು ಅಭಿಮಾನಿ ಬಳಗ ಬೇಡಿಕೆಯ ಪಟ್ಟಿ ಹಿಡಿದು ಕೂತಿದೆ: ಇದು ಯಾವಾಗ ಬರುತ್ತದೆ, ಅದು ಯಾಕೆ ಇನ್ನೂ ಬಂದಿಲ್ಲ? ಆ ಪಟ್ಟಿಯ ಎಷ್ಟೋ ಹೆಸರುಗಳು ಈಗ ಹೊಡೆದುಹೋಗಿವೆ. ಅವು ಹೇಗೆ ಬಂದವು, ಉಳಿದವಕ್ಕೆ ಏನು ಅಡ್ಡಿ ಎಂದು ವಿಚಾರಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸಂಗೀತ ಉಳಿಯುವುದನ್ನು ಹೆಚ್ಚಾಗಿ ನಿರ್ಧರಿಸಿದ್ದು ಧ್ವನಿಯಲ್ಲ, ಕಾಗದ. ಅಭಿಮಾನಿಗಳು ಕೇಳುತ್ತಾ ಬಂದದ್ದು ಮಾತ್ರ ಧ್ವನಿಯನ್ನು.

ಮೊದಲ ಆಲ್ಬಮ್, ಕಾರಾಪುರದ ಹುಡುಗ

ಈ ಚರಿತ್ರೆಯ ಆರಂಭದಲ್ಲೇ ನಮ್ಮ ನೆಲದವನೊಬ್ಬ ನಿಂತಿದ್ದಾನೆ. ಹೆಗ್ಗಡದೇವನಕೋಟೆಯ ಕಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು, 1937ರ 'ಎಲಿಫೆಂಟ್ ಬಾಯ್' ಚಿತ್ರದಿಂದ ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. 1942ರಲ್ಲಿ ಕೋರ್ಡಾ ಸೋದರರು ತೆಗೆದ 'ಜಂಗಲ್ ಬುಕ್' ಚಿತ್ರದಲ್ಲಿ ಅವನೇ ಮೋಗ್ಲಿ. ಸಂಗೀತ ಹಂಗೇರಿಯಿಂದ ಬಂದ ಮಿಕ್ಲೋಶ್ ರೋಜಾ ಅವರದು. ಆ ಸಂಗೀತವನ್ನು ರೋಜಾ ಒಂದು ಸೂಟ್ ಆಗಿ ಹೊಂದಿಸಿದರು, ಸಾಬು ಕಥೆಯ ನಿರೂಪಣೆ ಓದಿದ, ಆರ್‌ಸಿಎ ವಿಕ್ಟರ್ ಅದನ್ನು 78 ಆರ್‌ಪಿಎಂ ತಟ್ಟೆಗಳ ಆಲ್ಬಮ್ ಮಾಡಿ ಮಾರಿತು. ಅದಕ್ಕೂ ಮೊದಲು, 1938ರಲ್ಲಿ, ಡಿಸ್ನಿಯ 'ಸ್ನೋ ವೈಟ್' ಹಾಡುಗಳು ತಟ್ಟೆಯಾಗಿ ಬಂದಿದ್ದವು. ಆದರೆ ಹಾಡಿನ ಚಿತ್ರವಲ್ಲದ ಅಮೆರಿಕನ್ ಚಿತ್ರವೊಂದರ ವಾದ್ಯಸಂಗೀತ ಆಲ್ಬಮ್ ರೂಪ ತಾಳಿದ್ದು 'ಜಂಗಲ್ ಬುಕ್'ನಿಂದಲೇ ಎಂದು ಚಿತ್ರಸಂಗೀತದ ಚರಿತ್ರೆ ಬರೆದವರು ಗುರುತಿಸುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಆ ತಟ್ಟೆಯಲ್ಲಿದ್ದದ್ದು ಚಿತ್ರದಲ್ಲಿ ಕೇಳಿದ ನುಡಿಸಾಣಿಕೆಯಲ್ಲ. ತಟ್ಟೆಗೆಂದೇ ಬೇರೆಯಾಗಿ ನುಡಿಸಿದ್ದು. ಮುಂದಿನ ಕೆಲವು ದಶಕಗಳ ಗೊಂದಲಕ್ಕೆಲ್ಲ ಇದೇ ಬೀಜ. 'ಚಿತ್ರದ ಸಂಗೀತ' ಎಂದು ಹೊದಿಕೆಯ ಮೇಲೆ ಅಚ್ಚಾಗಿದ್ದರೂ ಒಳಗಿನ ತಟ್ಟೆ ಬೇರೆ ಊರಿನ ಬೇರೆ ವಾದಕರದಾಗಿರುತ್ತಿತ್ತು.

ಸಂಘದ ಲೆಕ್ಕ, ರೋಮಿನ ವಾದ್ಯವೃಂದ

ಇದಕ್ಕೆ ದುಡ್ಡಿನ ಕಾರಣವಿತ್ತು. ಅಮೆರಿಕದ ವಾದ್ಯಗಾರರ ಸಂಘ ಬಲವಾದದ್ದು. ಧ್ವನಿಮುದ್ರಣದಿಂದ ತಮ್ಮ ಹೊಟ್ಟೆಗೆ ಕಲ್ಲು ಬೀಳುತ್ತದೆಂದು 1942ರಿಂದ 1944ರವರೆಗೆ ತಟ್ಟೆ ಕಂಪನಿಗಳಿಗೆ ನುಡಿಸುವುದನ್ನೇ ನಿಲ್ಲಿಸಿದ್ದ ಸಂಘ ಅದು. ಚಿತ್ರಕ್ಕೆಂದು ನುಡಿಸಿದ್ದನ್ನು ತಟ್ಟೆ ಮಾಡಿ ಮಾರಬೇಕೆಂದರೆ ವಾದಕರಿಗೆ ಮತ್ತೆ ಸಂಭಾವನೆ ಕೊಡಬೇಕೆಂಬುದು ಅದರ ನಿಯಮ. ವಾದಕರ ದೃಷ್ಟಿಯಿಂದ ನ್ಯಾಯವೇ: ಒಮ್ಮೆ ದುಡಿದದ್ದನ್ನು ಎರಡು ಕಡೆ ಮಾರಿದರೆ ಎರಡು ಕಡೆಯ ಕೂಲಿ ಬೇಡವೇ? ಆದರೆ ಎಂಬತ್ತು ಜನರ ವಾದ್ಯವೃಂದಕ್ಕೆ ಇನ್ನೊಮ್ಮೆ ಹಣ ಎಣಿಸುವುದಕ್ಕಿಂತ ಯುರೋಪಿನಲ್ಲಿ ಹೊಸದಾಗಿ ನುಡಿಸುವುದು ಕಂಪನಿಗಳಿಗೆ ಅಗ್ಗವಾಗುತ್ತಿತ್ತು.

1959ರ 'ಬೆನ್-ಹರ್' ಇದಕ್ಕೆ ಒಳ್ಳೆಯ ಉದಾಹರಣೆ. ರೋಜಾ ಅವರ ಆ ಭಾರಿ ಸಂಗೀತಕ್ಕೆ ಆಸ್ಕರ್ ಬಂತು. ಎಂಜಿಎಂ ತಟ್ಟೆಯನ್ನೂ ಹೊರಡಿಸಿತು. ಅದನ್ನು ಕೊಂಡವರು ಮನೆಗೆ ಒಯ್ದದ್ದು ಕಾರ್ಲೊ ಸವಿನಾ ನಿರ್ದೇಶನದಲ್ಲಿ ರೋಮ್ ವಾದ್ಯವೃಂದ ನುಡಿಸಿದ ಆಯ್ದ ಭಾಗಗಳನ್ನು. ರೋಜಾ ತಾವೇ ಕೋಲು ಹಿಡಿದು ಚಿತ್ರಕ್ಕೆ ನುಡಿಸಿದ್ದು ಉಗ್ರಾಣದಲ್ಲೇ ಉಳಿಯಿತು. ಅದರ ದೊಡ್ಡ ಭಾಗ 1996ರಲ್ಲಿ ಎರಡು ಸಿಡಿಗಳಲ್ಲಿ ಬಂತು. ಎಲ್ಲವೂ ಸೇರಿ ಐದು ಸಿಡಿಗಳಾಗಿ ಬಂದದ್ದು 2012ರಲ್ಲಿ.

ಹೆನ್ರಿ ಮ್ಯಾನ್ಸಿನಿಯವರ ದಾರಿ ಇನ್ನೊಂದು ಬಗೆಯದು. 1961ರ 'ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್' ಚಿತ್ರದ ಎಲ್‌ಪಿಗೆಂದು ಅವರು ಸಂಗೀತವನ್ನು ಬೇರೆಯಾಗಿ, ಪಾರ್ಟಿಯಲ್ಲಿ ಕೇಳಲು ಒಪ್ಪುವ ಹಾಗೆ, ಹಗುರ ಮಾಡಿ ನುಡಿಸಿದರು. ಆ ತಟ್ಟೆ ಬಿಸಿಬಿಸಿಯಾಗಿ ಮಾರಾಟವಾಯಿತು. ಆದರೆ ಚಿತ್ರದೊಳಗಿನ ಒಂಟಿತನ, ತಳಮಳಗಳ ಭಾಗಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಚಿತ್ರದ ಮೂಲ ನುಡಿಸಾಣಿಕೆ ಇಂಟ್ರಾಡಾ ಕಂಪನಿಯಿಂದ 2013ರಲ್ಲಿ ಬಂದಾಗಲೇ ಮ್ಯಾನ್ಸಿನಿ ಒಳ್ಳೆಯ ಟ್ಯೂನುಗಾರರಷ್ಟೇ ಅಲ್ಲ, ದೃಶ್ಯ ಬಲ್ಲ ಸಂಯೋಜಕರೂ ಹೌದು ಎಂದು ಬಹಳ ಕೇಳುಗರಿಗೆ ಮನವರಿಕೆಯಾದದ್ದು. ಒಂದು ಸಂಗೀತ ಸಿಗದಿದ್ದರೆ ಸಂಗ್ರಹಕಾರನಿಗೆ ಬೇಸರ, ಅಷ್ಟೇ. ತಪ್ಪು ರೂಪದಲ್ಲಿ ಸಿಕ್ಕರೆ ಸಂಯೋಜಕನ ಹೆಸರೇ ಓರೆಯಾಗುತ್ತದೆ.

ರದ್ದಿಗೆ ಹೋದ ಎಂಜಿಎಂ

ಆ ಕಾಲದ ಸ್ಟುಡಿಯೊದಲ್ಲಿ ಸಂಗೀತ ಹುಟ್ಟುತ್ತಿದ್ದ ಕ್ರಮ ಹೀಗೆ. ಸಂಯೋಜಕ ಪೆನ್ಸಿಲಿನಲ್ಲಿ ನಾಲ್ಕಾರು ಸಾಲುಗಳ ಕರಡು ಬರೆಯುತ್ತಾನೆ. ಆರ್ಕೆಸ್ಟ್ರೇಟರ್ ಅದನ್ನು ಬಿಡಿಸಿ, ಯಾವ ವಾದ್ಯಕ್ಕೆ ಯಾವ ಸ್ವರ ಎಂದು ಪೂರ್ತಿ ಸ್ಕೋರ್ ಬರೆಯುತ್ತಾನೆ. ನಕಲುಗಾರರು ಒಬ್ಬೊಬ್ಬ ವಾದಕನ ಪಾಲನ್ನು ಬೇರೆ ಬೇರೆ ಹಾಳೆಗೆ ಇಳಿಸುತ್ತಾರೆ. ವಾದ್ಯವೃಂದದ ನಿರ್ದೇಶಕನ ಮುಂದೆ ಎಲ್ಲವನ್ನೂ ಅಡಕ ಮಾಡಿದ ಒಂದು ಕಿರು ಸ್ಕೋರ್ ಇರುತ್ತದೆ. ಪ್ರತಿ ತುಣುಕಿಗೂ ರೀಲಿನ ಸಂಖ್ಯೆ, ಆ ರೀಲಿನಲ್ಲಿ ಎಷ್ಟನೆಯದು ಎಂಬ ಗುರುತು. ಒಂದು ಚಿತ್ರ ಮುಗಿಯುವ ಹೊತ್ತಿಗೆ ಪೆಟ್ಟಿಗೆಗಟ್ಟಲೆ ಕಾಗದ.

1969ರಲ್ಲಿ ಎಂಜಿಎಂ ಸ್ಟುಡಿಯೊ ಕರ್ಕ್ ಕರ್ಕೋರಿಯನ್ ಅವರ ಕೈಗೆ ಬಂತು. ಹೊಸ ಆಡಳಿತ ಖರ್ಚು ಕಡಿತಕ್ಕೆ ಇಳಿಯಿತು. ವೇಷಭೂಷಣ, ಪರಿಕರಗಳನ್ನೆಲ್ಲ ಹರಾಜಿಗಿಟ್ಟರು. ಸಂಗೀತ ವಿಭಾಗದ ಕಾಗದಕ್ಕೆ ಹರಾಜಿನ ಭಾಗ್ಯವೂ ಇರಲಿಲ್ಲ. ಜಾಗ ತಿನ್ನುತ್ತದೆಂದು ಪೂರ್ತಿ ಸ್ಕೋರುಗಳನ್ನೂ ವಾದಕರ ಹಾಳೆಗಳನ್ನೂ ತಗ್ಗು ತುಂಬಲು ಸುರಿದರು. 'ದಿ ವಿಜಾರ್ಡ್ ಆಫ್ ಓಜ್', 'ಸಿಂಗಿಂಗ್ ಇನ್ ದಿ ರೇನ್' ಹುಟ್ಟಿದ ಮನೆಯ ಗತಿ ಇದು. ಹೆಚ್ಚುಕಡಿಮೆ ಉಳಿದದ್ದು ಕಿರು ಸ್ಕೋರುಗಳು ಮಾತ್ರ.

ವಿಚಿತ್ರವೆಂದರೆ ಎಂಜಿಎಂನಲ್ಲಿ ಕಾಗದ ಹೋದರೂ ಧ್ವನಿ ಬಹುಪಾಲು ಉಳಿಯಿತು. ಹಳೆಯ ಆಪ್ಟಿಕಲ್ ಫಿಲ್ಮಿನ ಧ್ವನಿಯನ್ನು ಮೊದಲೇ ಮ್ಯಾಗ್ನೆಟಿಕ್ ಟೇಪಿಗೆ ಇಳಿಸಿಟ್ಟಿದ್ದರು. 1986ರಲ್ಲಿ ಆ ಭಂಡಾರವನ್ನು ಟರ್ನರ್ ಕಂಪನಿ ಕೊಂಡುಕೊಂಡಿತು. 1990ರ ದಶಕದಲ್ಲಿ ರೈನೊ ಸಂಸ್ಥೆಯ ಜೊತೆ ಸೇರಿ 'ನಾರ್ತ್ ಬೈ ನಾರ್ತ್‌ವೆಸ್ಟ್', 'ದಿ ವಿಜಾರ್ಡ್ ಆಫ್ ಓಜ್', 'ಗಾನ್ ವಿತ್ ದಿ ವಿಂಡ್'ಗಳನ್ನು ಸಿಡಿಯಾಗಿಸಿತು. ಹಾಗಾಗಿ ಎಂಜಿಎಂ ಸಂಗೀತವನ್ನು ಕೇಳಬಹುದು. ಆದರೆ ಮತ್ತೆ ನುಡಿಸಬೇಕೆಂದರೆ?

ಅದಕ್ಕೆ ಇಂಗ್ಲೆಂಡಿನ ವಾದ್ಯವೃಂದ ನಿರ್ದೇಶಕ ಜಾನ್ ವಿಲ್ಸನ್ ಹಿಡಿದ ದಾರಿ ತಪಸ್ಸಿನದು. ಕಿರು ಸ್ಕೋರನ್ನು ಮುಂದಿಟ್ಟುಕೊಂಡು, ಚಿತ್ರದ ಧ್ವನಿಯನ್ನು ಮತ್ತೆ ಮತ್ತೆ ಕೇಳಿ, ಎರಡನೆಯ ಕ್ಲಾರಿನೆಟ್ ಏನು ನುಡಿಸುತ್ತಿದೆ, ಆ ಸದ್ದು ಹಾರ್ಪಿನದೋ ಚೆಲೆಸ್ಟಾದ್ದೋ ಎಂದು ಕಿವಿಯಿಂದಲೇ ಹೆಕ್ಕಿ ಸ್ಕೋರುಗಳನ್ನು ಮರಳಿ ಬರೆದರು. ಕುಣಿತದ ಸದ್ದು, ಮಾತು, ಬಾಗಿಲು ಬಡಿತದ ಕೆಳಗೆ ಮುಚ್ಚಿಹೋದ ಸ್ವರಗಳನ್ನು ಹೀಗೆ ಎತ್ತಿ ತೆಗೆಯಬೇಕು. 2009ರ ಆಗಸ್ಟಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ಅವರ ವಾದ್ಯವೃಂದ ಇವನ್ನು ನುಡಿಸಿದಾಗ ಸಭೆ ಕುಣಿದಾಡಿತು. ಕೆಲವು ಪೆಟ್ಟಿಗೆ ಕಾಗದ ಇಟ್ಟುಕೊಂಡಿದ್ದರೆ ಅಷ್ಟು ವರ್ಷಗಳ ಶ್ರಮವೇ ಬೇಕಿರಲಿಲ್ಲ.

ಆರ್‌ಕೆಒ ಸ್ಟುಡಿಯೊದ ರಾಯ್ ವೆಬ್ ಅವರ ಪಾಡು ಇನ್ನೂ ಕಷ್ಟದ್ದು. 'ಕ್ಯಾಟ್ ಪೀಪಲ್', 'ನಟೋರಿಯಸ್' ಚಿತ್ರಗಳ ಈ ಮೆದು ಮಾತಿನ ಸಂಯೋಜಕರ ಮನೆಗೆ 1961ರಲ್ಲಿ ಬೆಂಕಿ ಬಿದ್ದು ಹಸ್ತಪ್ರತಿಗಳು ಸುಟ್ಟುಹೋದವು. ಆಮೇಲೆ ಅವರು ಬರೆಯುವುದನ್ನೇ ಬಿಟ್ಟರು. ಅದೇ ಕಾಲದ ಸಂಯೋಜಕರಾದ ಮ್ಯಾಕ್ಸ್ ಸ್ಟೈನರ್, ಬರ್ನಾರ್ಡ್ ಹೆರ್ಮನ್‌ರ ಹೆಸರು ಇವತ್ತಿಗೂ ಓಡುತ್ತಿದ್ದು, ವೆಬ್ ಹೆಸರು ಬಲ್ಲವರಿಗಷ್ಟೇ ಗೊತ್ತಿರುವುದಕ್ಕೆ ಪ್ರತಿಭೆಯ ಅಂತರ ಒಂದೇ ಕಾರಣವಲ್ಲ.

ಕಾಗದ ಉಳಿದ ಕಡೆ

ಇದಕ್ಕೆ ತೀರ ವಿರುದ್ಧ ಚಿತ್ರ ವಾರ್ನರ್ ಬ್ರದರ್ಸ್‌ನದು. ಅವರು ತಮ್ಮ ಹಳೆಯ ದಾಖಲೆಗಳನ್ನು 1977ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಮ್ಯಾಕ್ಸ್ ಸ್ಟೈನರ್ ಅವರ ಕಾಗದ, ಅಸಿಟೇಟ್ ತಟ್ಟೆಗಳು ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಸೇರಿದವು. ರೋಜಾ ಮತ್ತು ಫ್ರಾಂಜ್ ವ್ಯಾಕ್ಸ್‌ಮನ್ ಅವರದು ಸಿರಾಕ್ಯೂಸ್‌ನಲ್ಲಿವೆ, ಹೆರ್ಮನ್ ಅವರದು ಸಾಂಟಾ ಬಾರ್ಬರಾದಲ್ಲಿ, ಕಾರ್ನ್‌ಗೋಲ್ಡ್ ಅವರದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. ಇವತ್ತು ಹೊಸದಾಗಿ ನುಡಿಸಿ ಸಿಡಿಯಾಗಿ ಬಂದ ಹಳೆಯ ಸಂಗೀತದ ಬೇರು ಹಿಡಿದು ಹೋದರೆ ಬಹಳ ಸಲ ಇಂಥ ಒಂದು ಗ್ರಂಥಾಲಯದ ಕಪಾಟಿಗೆ ಮುಟ್ಟುತ್ತೇವೆ.

ಸ್ಟೈನರ್ ಅವರ ಪೆನ್ಸಿಲ್ ಕರಡುಗಳನ್ನು ನೋಡುವುದೇ ಒಂದು ಮೋಜು. ಅಂಚಿನ ತುಂಬ ಆರ್ಕೆಸ್ಟ್ರೇಟರ್ ಹ್ಯೂಗೊ ಫ್ರೀಡ್‌ಹೋಫರ್‌ಗೆ ಬರೆದ ಟಿಪ್ಪಣಿಗಳು: ಈ ವಾದ್ಯ ಹೀಗೆ ಇರಲಿ ಎಂಬ ಸೂಚನೆ, ಅದರ ಪಕ್ಕದಲ್ಲೇ ನಿದ್ದೆಗೆಟ್ಟವನ ಗೊಣಗಾಟ, ಚಿತ್ರದ ಬಗ್ಗೆ ಪೋಲಿ ಜೋಕು, ನಿರ್ಮಾಪಕರ ಗೇಲಿ. ಗಡುವಿನ ಕತ್ತಿಯ ಕೆಳಗೆ ಕೂತು ರಾತ್ರಿ ಹಗಲು ಬರೆಯುತ್ತಿದ್ದ ಮನುಷ್ಯನ ದನಿ ಆ ಅಂಚುಗಳಲ್ಲಿದೆ. ಸಂಗೀತದ ದೃಷ್ಟಿಯಿಂದಲೂ ಅವು ಅಮೂಲ್ಯ. ಚಿತ್ರದ ಧ್ವನಿಪಟ್ಟಿಯಲ್ಲಿ ಮಾತಿನಡಿ ಹೂತುಹೋದ ಒಂದು ಸ್ವರಸಾಲಿನ ಉದ್ದೇಶ ಏನಿತ್ತು ಎಂದು ಟೇಪು ಹೇಳುವುದಿಲ್ಲ, ಆ ಅಂಚು ಹೇಳುತ್ತದೆ.

ಕಾಗದದಿಂದ ಸಂಗೀತವನ್ನು ಎಬ್ಬಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು 1972ರಲ್ಲಿ. ಲಂಡನ್ನಿನ ಕಿಂಗ್ಸ್‌ವೇ ಹಾಲಿನಲ್ಲಿ ಚಾರ್ಲ್ಸ್ ಗೆರ್ಹಾರ್ಟ್ ನ್ಯಾಷನಲ್ ಫಿಲ್‌ಹಾರ್ಮೊನಿಕ್ ವಾದ್ಯವೃಂದದಿಂದ ಕಾರ್ನ್‌ಗೋಲ್ಡ್ ಅವರ 'ದಿ ಸೀ ಹಾಕ್' ಮತ್ತಿತರ ಚಿತ್ರಗಳ ಸಂಗೀತವನ್ನು ನುಡಿಸಿದರು. ನಿರ್ಮಾಪಕ ಸಂಯೋಜಕರ ಮಗ ಜಾರ್ಜ್ ಕಾರ್ನ್‌ಗೋಲ್ಡ್. ಆರ್‌ಸಿಎ ಎಲ್‌ಪಿ ಎಲ್ಲರ ಊಹೆ ಮೀರಿ ಮಾರಾಟವಾಗಿ, ಸ್ಟೈನರ್, ವ್ಯಾಕ್ಸ್‌ಮನ್, ಹೆರ್ಮನ್, ನ್ಯೂಮನ್, ರೋಜಾ ಹೀಗೆ ಒಂದು ಮಾಲೆಯೇ ಬೆಳೆಯಿತು. ವಿಯೆನ್ನಾದ ಬಾಲಪ್ರತಿಭೆಯಾಗಿ ಹೆಸರು ಮಾಡಿ, ಆಮೇಲೆ 'ಸಿನಿಮಾಕ್ಕೆ ಬರೆದವನು' ಎಂಬ ತಾತ್ಸಾರಕ್ಕೆ ಗುರಿಯಾಗಿದ್ದ ಕಾರ್ನ್‌ಗೋಲ್ಡ್‌ಗೆ ಕಚೇರಿ ಸಭಾಂಗಣದ ಬಾಗಿಲು ಮತ್ತೆ ತೆರೆಯುವುದಕ್ಕೆ ಈ ತಟ್ಟೆ ಕಾರಣವಾಯಿತು.

ಎರಡು ವರ್ಷದ ಮೇಲೆ ಎಲ್ಮರ್ ಬರ್ನ್‌ಸ್ಟೀನ್ ಇದೇ ಕೆಲಸವನ್ನು ತಮ್ಮ ಜೇಬಿನಿಂದ ಶುರುಮಾಡಿದರು. ಅಂಗಡಿಗೆ ಕೊಡದೆ ಅಂಚೆಯಲ್ಲಿ ಚಂದಾದಾರರಿಗೇ ಕಳಿಸುವ ಎಲ್‌ಪಿ ಮಾಲೆ ಅದು; 1974ರಿಂದ 1979ರವರೆಗೆ ನಡೆಯಿತು. ಹೆರ್ಮನ್ ಅವರ 'ದಿ ಘೋಸ್ಟ್ ಅಂಡ್ ಮಿಸೆಸ್ ಮ್ಯೂರ್', ಸಾಬು ನಟಿಸಿದ 'ದಿ ಥೀಫ್ ಆಫ್ ಬಾಗ್ದಾದ್'ಗೆ ರೋಜಾ ಕೊಟ್ಟ ಸಂಗೀತ ಮೊದಲ ಬಾರಿ ಸರಿಯಾಗಿ ಕೇಳಿದ್ದು ಇಲ್ಲಿ. ಕೈಗೆ ಕೆಲಸ ತುಂಬಿದ್ದ ಸಂಯೋಜಕನೊಬ್ಬ ತನ್ನ ಹಿರಿಯರಿಗಾಗಿ ಹೀಗೆ ದುಡ್ಡು ಸುರಿದ ಉದಾಹರಣೆ ಹೆಚ್ಚಿಲ್ಲ.

1990ರ ದಶಕದಲ್ಲಿ ಕೇಂದ್ರ ಮಾಸ್ಕೋಗೆ ಸರಿಯಿತು. ಜಾನ್ ಮಾರ್ಗನ್ ಸ್ಕೋರುಗಳನ್ನು ಜೋಡಿಸಿ ಕೊಟ್ಟರೆ ವಿಲಿಯಂ ಸ್ಟ್ರಾಂಬರ್ಗ್ ಮಾಸ್ಕೋ ಸಿಂಫನಿ ವಾದ್ಯವೃಂದದಿಂದ ನುಡಿಸುತ್ತಿದ್ದರು. 'ಕಿಂಗ್ ಕಾಂಗ್', 'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್', 'ದಿ ಸೀ ಹಾಕ್' ಆಯ್ದ ಸೂಟ್ ಆಗದೆ ಹೆಚ್ಚುಕಡಿಮೆ ಪೂರ್ತಿಯಾಗಿ ಸಿಕ್ಕಿದ್ದು ಹೀಗೆ. ಆಮೇಲೆ ಪ್ರಾಗ್ ನಗರದ ಸರದಿ. ಜೇಮ್ಸ್ ಫಿಟ್ಜ್‌ಪ್ಯಾಟ್ರಿಕ್ ಅವರ ಟ್ಯಾಡ್ಲೊ ಸಂಸ್ಥೆ ಅಲ್ಲಿನ ವಾದ್ಯವೃಂದದಿಂದ 'ಎಲ್ ಸಿಡ್', 'ಕ್ವೋ ವಾಡಿಸ್', 'ದಿ ಅಲಾಮೊ'ಗಳನ್ನು ನುಡಿಸಿತು.

ಟೇಪಿನ ಪಾಡು

ಹಾಗೆಂದು ಮೂಲ ಧ್ವನಿಗೆ ಬೆಲೆಯಿಲ್ಲವೆಂದಲ್ಲ. ಫಾಕ್ಸ್ ಸ್ಟುಡಿಯೊದಲ್ಲಿ ಬೇರೆ ಬೇರೆ ಮೈಕುಗಳ ಧ್ವನಿಯನ್ನು ಬೇರೆ ಬೇರೆ ಆಪ್ಟಿಕಲ್ ಪಟ್ಟಿಯಲ್ಲಿ ಹಿಡಿಯುವ ರೂಢಿಯಿತ್ತು. ಆಗ ಅದು ಮಿಶ್ರಣದ ಅನುಕೂಲಕ್ಕೆ. ಆ ಪಟ್ಟಿಗಳು ಉಳಿದ ಕಡೆ ಇಂದಿನ ಎಂಜಿನಿಯರುಗಳು ಅವನ್ನು ಒಂದಕ್ಕೊಂದು ಹೊಂದಿಸಿ, ಚಿತ್ರಮಂದಿರದಲ್ಲಿ ಮೋನೊ ಆಗಿ ಕೇಳಿದ್ದನ್ನು ಸ್ಟೀರಿಯೊ ಆಗಿ ತೆರೆದಿಟ್ಟಿದ್ದಾರೆ. ಹೆರ್ಮನ್ ಥೆರಮಿನ್ ವಾದ್ಯವನ್ನು ಬಳಸಿ ಕೊಟ್ಟ 1951ರ 'ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್' ಸಂಗೀತ 1993ರಲ್ಲಿ ಸಿಡಿಯಾಗಿ ಬಂತು. ಫಾಕ್ಸ್‌ನ ಇಂಥ ಕೆಲಸದ ಹಿಂದೆ ನಿಂತವರಲ್ಲಿ ಮುಖ್ಯರು ನಿಕ್ ರೆಡ್‌ಮನ್.

ಹೆರ್ಮನ್ ಸಂಗೀತ ಕೊಟ್ಟ 'ವರ್ಟಿಗೊ' ಚಿತ್ರದ ಟೇಪಿನ ಕಥೆಯಲ್ಲಿ ಆ ಉದ್ಯಮದ ಚರಿತ್ರೆಯೇ ಅಡಗಿದೆ. 1958ರಲ್ಲಿ ಲಾಸ್ ಏಂಜಲಿಸ್‌ನ ವಾದಕರು ಮುಷ್ಕರ ಹೂಡಿದ್ದರು. ಹೆರ್ಮನ್‌ಗೆ ತಮ್ಮದೇ ಸಂಗೀತಕ್ಕೆ ಕೋಲು ಹಿಡಿಯುವ ಅವಕಾಶ ತಪ್ಪಿತು. ಮ್ಯೂರ್ ಮ್ಯಾಥಿಸನ್ ಲಂಡನ್ನಿನ ಸಿನ್ಫೋನಿಯಾ ಆಫ್ ಲಂಡನ್ ವಾದ್ಯವೃಂದದೊಂದಿಗೆ ನುಡಿಸತೊಡಗಿದರು. ಅಲ್ಲಿನ ವಾದಕರೂ ಅಮೆರಿಕದ ಸಂಗಾತಿಗಳ ಬೆಂಬಲಕ್ಕೆ ನಿಂತಾಗ ಉಳಿದ ಭಾಗ ವಿಯೆನ್ನಾಕ್ಕೆ ಹೋಯಿತು. ಲಂಡನ್ನಿನದು ಸ್ಟೀರಿಯೊ, ವಿಯೆನ್ನಾದ್ದು ಮೋನೊ. 1996ರಲ್ಲಿ ಇವೆಲ್ಲ ಸಿಡಿಯಾಗಿ ಬಂದಾಗ ಕೆಲವು ಟೇಪುಗಳು ಕೆಟ್ಟೂ ಇದ್ದವು. ಕೇಳುತ್ತಾ ಹೋದರೆ ಹಾಲ್ ಬದಲಾಗುವುದು, ಧ್ವನಿ ಅಗಲವಾಗಿ ಮತ್ತೆ ಕಿರಿದಾಗುವುದು ಕಿವಿಗೆ ಬೀಳುತ್ತದೆ. ಆ ಮುಷ್ಕರ ಮುಗಿದ ಮೇಲೆ ಸ್ಟುಡಿಯೊಗಳು ಸಂಬಳದ ವಾದ್ಯವೃಂದಗಳನ್ನೇ ಕೈಬಿಟ್ಟವು.

ಟೇಪಿಗೆ ಶತ್ರುಗಳು ಹಲವು. ಅಸಿಟೇಟ್ ಫಿಲ್ಮು ಕೆಟ್ಟಾಗ ವಿನೆಗರ್‌ನ ಹುಳಿ ವಾಸನೆ ಹೊಡೆಯುತ್ತದೆ. ಪಟ್ಟಿ ಕುಗ್ಗಿ ಮುರುಟುತ್ತದೆ. ನೈಟ್ರೇಟ್ ಫಿಲ್ಮಿಗೆ ಬೆಂಕಿಯ ಭಯ. 2008ರ ಜೂನ್ 1ರಂದು ಯೂನಿವರ್ಸಲ್ ಸ್ಟುಡಿಯೊ ಆವರಣಕ್ಕೆ ಬಿದ್ದ ಬೆಂಕಿ ಒಂದು ದೊಡ್ಡ ಧ್ವನಿಭಂಡಾರವನ್ನೂ ನುಂಗಿತು. ಅದರ ಹಾನಿ ಎಷ್ಟೆಂಬುದು ಜನರಿಗೆ ತಿಳಿದದ್ದು 2019ರ ಪತ್ರಿಕಾ ವರದಿಯಿಂದ.

ಚಿತ್ರವೇ ಬೇಡವೆಂದದ್ದು

ಅಭಿಮಾನಿಗಳ ಪಟ್ಟಿಯಲ್ಲಿ ಒಂದು ವಿಶೇಷ ವರ್ಗವಿದೆ: ಬರೆದು, ಕೆಲವೊಮ್ಮೆ ನುಡಿಸಿಯೂ ಆದ ಮೇಲೆ ಚಿತ್ರದಿಂದ ಎತ್ತಿಹಾಕಿದ ಸಂಗೀತ. ಇವನ್ನು ಕೇಳುವುದಕ್ಕೆ ಚಿತ್ರ ನೋಡುವ ದಾರಿಯೂ ಇಲ್ಲ, ತಟ್ಟೆ ಬಂದರೆ ಮಾತ್ರ ಉಂಟು.

'2001: ಎ ಸ್ಪೇಸ್ ಒಡಿಸ್ಸಿ'ಗೆ ಅಲೆಕ್ಸ್ ನಾರ್ತ್ ಎಷ್ಟು ಒತ್ತಡದಲ್ಲಿ ಬರೆದರೆಂದರೆ ಧ್ವನಿಮುದ್ರಣಕ್ಕೆ ಅವರನ್ನು ಆಂಬುಲೆನ್ಸಿನಲ್ಲಿ ಕರೆದೊಯ್ಯಬೇಕಾಯಿತು. ನಿರ್ದೇಶಕ ಕುಬ್ರಿಕ್ ತಾತ್ಕಾಲಿಕವಾಗಿ ಹಾಕಿಕೊಂಡಿದ್ದ ಸ್ಟ್ರೌಸ್, ಲಿಗೆಟಿಯನ್ನೇ ಉಳಿಸಿಕೊಂಡರು. ತಮ್ಮ ಸಂಗೀತದ ಒಂದು ಸ್ವರವೂ ಇಲ್ಲವೆಂದು ನಾರ್ತ್‌ಗೆ ಗೊತ್ತಾದದ್ದು ಸಿದ್ಧ ಚಿತ್ರ ನೋಡುವಾಗ. ಅವರು ತೀರಿಕೊಂಡ ಮೇಲೆ, 1993ರಲ್ಲಿ, ಗೆಳೆಯ ಜೆರ್ರಿ ಗೋಲ್ಡ್‌ಸ್ಮಿತ್ ಅದನ್ನು ಲಂಡನ್ನಿನಲ್ಲಿ ಹೊಸದಾಗಿ ನುಡಿಸಿ ತಟ್ಟೆ ಮಾಡಿಸಿದರು. ನಾರ್ತ್ ಇಟ್ಟುಕೊಂಡಿದ್ದ ಮೋನೊ ಟೇಪುಗಳಿಂದ 1968ರ ಮೂಲವೂ 2007ರಲ್ಲಿ ಬಂತು. 1966ರ 'ಟಾರ್ನ್ ಕರ್ಟನ್'ಗೆ ಹೆರ್ಮನ್ ಕೇಳಿದ್ದು 12 ಕೊಳಲು, 16 ಹಾರ್ನ್, 9 ಟ್ರಾಂಬೋನ್, ಪಿಟೀಲೇ ಇಲ್ಲ. ನಿರ್ದೇಶಕ ಹಿಚ್‌ಕಾಕ್‌ಗೆ ಬೇಕಿದ್ದದ್ದು ಮಾರುಕಟ್ಟೆಗೆ ಒಪ್ಪುವ ಲಘು ಸಂಗೀತ. ಧ್ವನಿಮುದ್ರಣದ ನಡುವೆಯೇ ನಿಲ್ಲಿಸಿದರು. ಆ ಜೋಡಿ ಮತ್ತೆ ಒಟ್ಟಿಗೆ ಕೆಲಸ ಮಾಡಲಿಲ್ಲ. ಬರ್ನ್‌ಸ್ಟೀನ್ ತಮ್ಮ ಚಂದಾ ಮಾಲೆಯಲ್ಲಿ ಇದಕ್ಕೂ ಜಾಗ ಕೊಟ್ಟರು.

ಎಲ್ಲಕ್ಕಿಂತ ಮನಸ್ಸು ಹಿಡಿಯುವ ಉದಾಹರಣೆ ಆರ್ಸನ್ ವೆಲ್ಸ್ ಅವರ 1942ರ 'ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್'. ವೆಲ್ಸ್ ಊರಲ್ಲಿಲ್ಲದಾಗ ಆರ್‌ಕೆಒ ಚಿತ್ರವನ್ನು 131 ನಿಮಿಷದಿಂದ 88 ನಿಮಿಷಕ್ಕೆ ಕತ್ತರಿಸಿತು. ಹೆರ್ಮನ್ ಸಂಗೀತದ ಅರ್ಧಕ್ಕೂ ಹೆಚ್ಚು ಹೋಯಿತು, ಬೇರೆಯವರದು ಸೇರಿತು. ಸಿಟ್ಟಿಗೆದ್ದ ಹೆರ್ಮನ್ ಶೀರ್ಷಿಕೆಯಿಂದ ತಮ್ಮ ಹೆಸರನ್ನೇ ತೆಗೆಸಿದರು. ಕತ್ತರಿಸಿದ ದೃಶ್ಯಗಳು ನಾಶವಾದವು. ಸಿನಿಮಾ ಪ್ರೇಮಿಗಳು ಇವತ್ತಿಗೂ ಅದರ ಒಂದು ಪ್ರತಿಗಾಗಿ ಹುಡುಕುತ್ತಲೇ ಇದ್ದಾರೆ. ಆದರೆ ಆ ದೃಶ್ಯಗಳ ಸಂಗೀತ 1990ರಲ್ಲಿ ಟೋನಿ ಬ್ರೆಮ್ನರ್ ನಿರ್ದೇಶನದಲ್ಲಿ ಆಸ್ಟ್ರೇಲಿಯದ ವಾದ್ಯವೃಂದದಿಂದ ಕೇಳಿಬಂತು. ಚಿತ್ರ ಹೋದರೂ ಸಂಗೀತ ಬಂತು. ಕಾರಣ, ಬರೆದ ಹಾಳೆ ಇತ್ತು.

ಮೂರು ಸಾವಿರ ಪ್ರತಿಯ ಕಾಲ

ಮೂಲ ಟೇಪುಗಳು ಹೊರಬರಲು ಒಂದು ವ್ಯಾಪಾರಿ ಸೂತ್ರ ಬೇಕಿತ್ತು. ಸೀಮಿತ ಪ್ರತಿಗಳಷ್ಟೇ ಅಚ್ಚು ಮಾಡಿ, ನೇರವಾಗಿ ಅಭಿಮಾನಿಗೆ ಮಾರುವುದೇ ಆ ಸೂತ್ರ. 1989ರಲ್ಲಿ ವಾರೆಸ್ ಸಾರಾಬಾಂಡ್ ತನ್ನ ಸಿಡಿ ಕ್ಲಬ್ ಶುರುಮಾಡಿತು. ಲೂಕಸ್ ಕೆಂಡಾಲ್ ಅವರ 'ಫಿಲ್ಮ್ ಸ್ಕೋರ್ ಮಂತ್ಲಿ' ಪತ್ರಿಕೆಯೇ ಕಂಪನಿಯಾಗಿ 1996ರಿಂದ 2012ರವರೆಗೆ 250 ಆಲ್ಬಮ್ ತಂದಿತು. ಇಂಟ್ರಾಡಾ, ಲಾ-ಲಾ ಲ್ಯಾಂಡ್, ಕ್ರಿಟ್ಜರ್‌ಲ್ಯಾಂಡ್, ಸ್ಪೇನಿನ ಕ್ವಾರ್ಟೆಟ್ ಇದೇ ಹಾದಿಯವು. ಸಾವಿರ, ಎರಡು ಸಾವಿರ, ಬಹಳ ಸಲ ಮೂರು ಸಾವಿರ ಪ್ರತಿ. ಜೊತೆಗೆ ದಪ್ಪ ಪುಸ್ತಿಕೆ. ಪ್ರತಿ ಕಡಿಮೆಯಾದಷ್ಟೂ ವಾದ್ಯಗಾರರ ಸಂಘದ ಶುಲ್ಕದ ಹೊರೆ ಹಗುರ ಎಂಬ ಒಪ್ಪಂದಗಳು ಇದಕ್ಕೆ ನೆರವಾದವು. ಬರ್ನ್‌ಸ್ಟೀನ್‌ರ 'ದಿ ಟೆನ್ ಕಮಾಂಡ್‌ಮೆಂಟ್ಸ್' 2016ರಲ್ಲಿ ಆರು ಸಿಡಿಗಳ ಪೆಟ್ಟಿಗೆಯಾಗಿ ಬಂದದ್ದು ಇಂಟ್ರಾಡಾದಂಥ ಸಣ್ಣ ಸಂಸ್ಥೆಯಿಂದ.

ಈ ಕೆಲಸವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಅದರ ಮಿತಿಯನ್ನೂ ಹೇಳಬೇಕು. ಪ್ರತಿ ಮುಗಿದ ಮರುದಿನದಿಂದಲೇ ಆ ಸಂಗೀತ ಮತ್ತೆ 'ಸಿಗದ' ಪಟ್ಟಿಗೆ ಸೇರುತ್ತದೆ. ಹಳೆಯ ಪ್ರತಿ ಕೈಬದಲಾಗುವಾಗ ಬೆಲೆ ಮೂರು ಪಟ್ಟು, ಐದು ಪಟ್ಟು. ವಿದ್ಯಾರ್ಥಿಗೆ ಎಟುಕದು, ಗ್ರಂಥಾಲಯಕ್ಕೆ ಗೊತ್ತಾಗದು. ಭಾರತದಿಂದ ತರಿಸುವವರಿಗಂತೂ ಅಂಚೆ ಖರ್ಚು, ಸುಂಕ ಸೇರಿ ತಟ್ಟೆಗಿಂತ ಹೊದಿಕೆಯೇ ದುಬಾರಿಯಾಗುತ್ತದೆ. ಸಂಗ್ರಹಕಾರನ ಕಪಾಟು ತುಂಬಿದ ಮಾತ್ರಕ್ಕೆ ಸಂಗೀತ ಜನರ ಆಸ್ತಿಯಾಯಿತು ಎನ್ನಲಾಗದು.

ಮೂಲವೋ, ಮರುನುಡಿಕೆಯೋ?

ಅಭಿಮಾನಿಗಳಲ್ಲಿ ಎರಡು ಪಂಗಡ. ಒಂದಕ್ಕೆ ಮೂಲ ಟೇಪೇ ಬೇಕು; ಗರಗರ ಸದ್ದಿದ್ದರೂ ಸರಿ, ಅಂದು ಆ ಕೋಣೆಯಲ್ಲಿ ಸಂಯೋಜಕ ನಿಂತು ನುಡಿಸಿದ್ದೇ ಪ್ರಮಾಣ. ಇನ್ನೊಂದಕ್ಕೆ ಹೊಸ ಧ್ವನಿ ಬೇಕು, ಪ್ರತಿ ವಾದ್ಯ ಸ್ಪಷ್ಟವಾಗಿ ಕೇಳಬೇಕು.

'ಸೈಕೊ' ಇಬ್ಬರಿಗೂ ಪರೀಕ್ಷೆ. 1960ರ ಈ ಸಂಗೀತ ಬರೀ ತಂತಿ ವಾದ್ಯಗಳದು. ಬಹುತೇಕ ಮನೆಗಳಲ್ಲಿರುವ ತಟ್ಟೆ ಚಿತ್ರದ್ದಲ್ಲ. ಹೆರ್ಮನ್ 1975ರಲ್ಲಿ ಲಂಡನ್ನಿನಲ್ಲಿ ತಾವೇ ನುಡಿಸಿದ್ದು, ಇಲ್ಲವೆ ಜೋಯೆಲ್ ಮೆಕ್‌ನೀಲಿ 1997ರಲ್ಲಿ ಸ್ಕಾಟ್ಲೆಂಡಿನ ವಾದ್ಯವೃಂದದೊಂದಿಗೆ ಮಾಡಿದ್ದು. ಸಂಯೋಜಕರೇ ನುಡಿಸಿದ್ದರಿಂದ 1975ರದೇ ಅಧಿಕೃತ ಎನ್ನಬಹುದೇ? ಆದರೆ ವಯಸ್ಸಾದ ಹೆರ್ಮನ್ ಗತಿಯನ್ನು ನಿಧಾನಗೊಳಿಸಿದ್ದಾರೆ. ಚಿತ್ರದ ಶೀರ್ಷಿಕೆಯಲ್ಲಿ ಎದೆ ಬಡಿತ ಏರಿಸುವ ತಂತಿಗಳು ಇಲ್ಲಿ ಭಾರವಾಗಿ ಹೆಜ್ಜೆ ಇಡುತ್ತವೆ. ಮೆಕ್‌ನೀಲಿಯದು ಚಿತ್ರದ ಓಟಕ್ಕೆ ಹತ್ತಿರ. ಅಂದರೆ ಸಂಯೋಜಕನ ಹೆಸರಿದ್ದರೂ ಒಂದು ತಟ್ಟೆ ಚಿತ್ರಕ್ಕೆ ದೂರವಿರಬಹುದು. ಅಪರಿಚಿತನ ಕೈಯಲ್ಲಿ ಹತ್ತಿರ ಬರಬಹುದು.

ನನ್ನ ಮಟ್ಟಿಗೆ ಈ ಜಗಳದಲ್ಲಿ ಎರಡೂ ಬೇಕು. ಆದರೆ ಒಂದನ್ನೇ ಆರಿಸಬೇಕಾದರೆ ಹಾಳೆಯ ಕಡೆ ನಿಲ್ಲುತ್ತೇನೆ. ಟೇಪು ಒಂದು ದಿನದ ನುಡಿಸಾಣಿಕೆಯನ್ನು ಹಿಡಿದಿಡುತ್ತದೆ, ಅದು ಕೆಟ್ಟರೆ ಮುಗಿಯಿತು. ಹಾಳೆ ಇದ್ದರೆ ಮಾಸ್ಕೋದಲ್ಲೂ ನುಡಿಸಬಹುದು, ಪ್ರಾಗ್‌ನಲ್ಲೂ ನುಡಿಸಬಹುದು, ಇನ್ನು ಐವತ್ತು ವರ್ಷದ ಮೇಲೆ ಇವರಿಬ್ಬರಿಗಿಂತ ಚೆನ್ನಾಗಿ ಇನ್ನೊಬ್ಬರು ನುಡಿಸಬಹುದು. 1958ರಲ್ಲಿ 'ವರ್ಟಿಗೊ' ನುಡಿಸಿದ ಸಿನ್ಫೋನಿಯಾ ಆಫ್ ಲಂಡನ್ ಹೆಸರನ್ನೇ ಜಾನ್ ವಿಲ್ಸನ್ 2018ರಲ್ಲಿ ಮತ್ತೆ ಚಾಲ್ತಿಗೆ ತಂದರು. ಆ ವಾದ್ಯವೃಂದ 2022ರಲ್ಲಿ ಹೊರತಂದ 'ಹಾಲಿವುಡ್ ಸೌಂಡ್‌ಸ್ಟೇಜ್' ಆಲ್ಬಮ್ ಕೇಳಿದರೆ ಈ ಮಾತು ಒಪ್ಪಿಗೆಯಾಗುತ್ತದೆ.

ಉಳಿದ ಪಟ್ಟಿ

ಈಗ ಉಳಿದಿರುವುದು ಏನು? ಸುಲಭದವು ಮುಗಿದಿವೆ. ದೊಡ್ಡ ಹೆಸರುಗಳ ದೊಡ್ಡ ಚಿತ್ರಗಳು ಒಂದಲ್ಲ ಒಂದು ರೂಪದಲ್ಲಿ ಬಂದಾಗಿವೆ. ಉಳಿದವು ಕಷ್ಟದವು: ಟೇಪು ಅಪರೂಪವಾದ 1940ರ ದಶಕದ ಚಿತ್ರಗಳು, ಹಕ್ಕು ಸ್ಟುಡಿಯೊ, ವಾರಸುದಾರ, ಹಳೆಯ ತಟ್ಟೆ ಕಂಪನಿ ಎಂದು ಮೂರು ಕಡೆ ಹಂಚಿಹೋದವು, ವೆಬ್‌ರಂಥ ಎರಡನೆಯ ಸಾಲಿನ ಸಂಯೋಜಕರವು. ಮೊದಲ ಬಗೆಗೆ ಮಾತಿನಿಂದ ಸಂಗೀತವನ್ನು ಬೇರ್ಪಡಿಸುವ ಹೊಸ ಕಂಪ್ಯೂಟರ್ ತಂತ್ರ ಸ್ವಲ್ಪ ಆಸೆ ಹುಟ್ಟಿಸಿದೆ. ಎರಡನೆಯದಕ್ಕೆ ವಕೀಲರು ಬೇಕು, ಮೂರನೆಯದಕ್ಕೆ ಕೇಳುಗರ ಕುತೂಹಲ ಬೇಕು.

ಆದ್ದರಿಂದ ಪಟ್ಟಿ ಹಿಡಿದವರಿಗೆ ಒಂದು ಮಾತು. ಯಾವ ಸಿಡಿ ಮುಂದೆ ಬರಬೇಕು ಎನ್ನುವುದಕ್ಕಿಂತ ಮೊದಲು, ಯಾವ ಸ್ಕೋರು ಎಲ್ಲಿದೆ, ಅದನ್ನು ಸ್ಕ್ಯಾನ್ ಮಾಡಿ ವಾದ್ಯವೃಂದಗಳಿಗೆ ಸಿಗುವಂತೆ ಮಾಡಿದ್ದಾರೆಯೇ ಎಂದು ಕೇಳಿ. ಹೊಸದಾಗಿ ಕೇಳಲು ಕೂರುವವರು ಗೆರ್ಹಾರ್ಟ್‌ರ 'ದಿ ಸೀ ಹಾಕ್' ತಟ್ಟೆಯಿಂದ ಆರಂಭಿಸಲಿ, ಅಲ್ಲಿಂದ ಮೆಕ್‌ನೀಲಿಯ 'ಸೈಕೊ', ಆಮೇಲೆ ಮಾಸ್ಕೋದ 'ಕಿಂಗ್ ಕಾಂಗ್'. ಮೂರೂ ಮೂಲ ಚಿತ್ರದ ಟೇಪಿನಿಂದ ಬಂದವಲ್ಲ, ಉಳಿದ ಹಾಳೆಯಿಂದ ಎದ್ದು ಬಂದವು. ಹಳೆಯ ಹಾಲಿವುಡ್ ಸಂಗೀತವನ್ನು ಉಳಿಸಿದ ದೊಡ್ಡ ಪಾಲು ಶ್ರೇಯ ಸಲ್ಲಬೇಕಾದದ್ದು ಸ್ಟುಡಿಯೊಗಳಿಗಲ್ಲ. ಕಾಗದ ಇಟ್ಟುಕೊಂಡ ಗ್ರಂಥಾಲಯಗಳಿಗೆ, ಅದನ್ನು ಬಿಡಿಸಿ ಓದಿದ ಬೆರಳೆಣಿಕೆಯ ಜನರಿಗೆ.